ಸ್ಕೋರ್‌ಶೀಟ್‌ನಲ್ಲಿ ಇಲ್ಲದ ಕಾಲಂ: ಫ್ಯಾಂಟಸಿ ಲೀಗ್‌ನಿಂದ ಬಿಲ್ ರಸೆಲ್‌ವರೆಗೆ

ಮೊದಲು ಒಂದು ಸಣ್ಣ ಲೆಕ್ಕ. ಮ್ಯಾಂಚೆಸ್ಟರ್ ಸಿಟಿಯ ಎರ್ಲಿಂಗ್ ಹಾಲಂಡ್ 2022-23ರಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ 36 ಗೋಲು ಹೊಡೆದು ಹೊಸ ದಾಖಲೆ ಬರೆದರು. ಲಿವರ್‌ಪೂಲ್‌ನ ಮೊಹಮ್ಮದ್ ಸಲಾ 2024-25ರಲ್ಲಿ 29 ಗೋಲು ಹೊಡೆದರು. ಫ್ಯಾಂಟಸಿ ಪ್ರೀಮಿಯರ್ ಲೀಗ್‌ನಲ್ಲಿ ಬರೀ ಗೋಲಿನ ಲೆಕ್ಕ ಹಿಡಿದರೆ ಇಬ್ಬರಲ್ಲಿ ಯಾರಿಗೆ ಜಾಸ್ತಿ ಪಾಯಿಂಟ್ಸ್ ಬಂದಿರಬೇಕು?

ಹಾಲಂಡ್ ಅನ್ನೋದು ಸಹಜ. ಆದರೆ ಆ ಆಟದ ನಿಯಮದಲ್ಲಿ ಫಾರ್ವರ್ಡ್ ಹೊಡೆದ ಗೋಲಿಗೆ 4 ಪಾಯಿಂಟ್, ಮಿಡ್‌ಫೀಲ್ಡರ್ ಹೊಡೆದ ಗೋಲಿಗೆ 5. ಹಾಲಂಡ್ ಫಾರ್ವರ್ಡ್. ಸಲಾ ಆ ವರ್ಷದ ಪಟ್ಟಿಯಲ್ಲಿ ಮಿಡ್‌ಫೀಲ್ಡರ್. 36 × 4 = 144. 29 × 5 = 145. ಏಳು ಗೋಲು ಕಡಿಮೆ ಹೊಡೆದವರಿಗೆ ಒಂದು ಪಾಯಿಂಟ್ ಜಾಸ್ತಿ! ಅಸಿಸ್ಟ್, ಬೋನಸ್ ಎಲ್ಲ ಸೇರಿಸಿದ ಮೇಲೆ ಸಲಾ 344 ಪಾಯಿಂಟ್ಸ್‌ಗೆ ಮುಟ್ಟಿದರು, ಹಾಲಂಡ್ ತಮ್ಮ ದಾಖಲೆಯ ವರ್ಷದಲ್ಲಿ 272ಕ್ಕೆ ನಿಂತರು.

ಇಲ್ಲಿ ಯಾರಿಗೂ ಮೋಸ ಆಗಿಲ್ಲ. ಗೋಲು ಹುಟ್ಟೋದು ಮೈದಾನದಲ್ಲಿ, ಪಾಯಿಂಟ್ ಹುಟ್ಟೋದು ನಿಯಮದಲ್ಲಿ. ಇವೆರಡೂ ಒಂದೇ ಅಂತ ನಾವು ಮರೆತು ಮಾತಾಡ್ತೀವಿ, ಅಷ್ಟೇ.

ನಮ್ಮ ಹಾಸ್ಟೆಲ್‌ನಲ್ಲಿ ಊಟ ಆದ ಮೇಲೆ ಎರಡು ಜಗಳ ಖಾಯಂ. ಒಂದು, ಈ ವಾರ ಫ್ಯಾಂಟಸಿ ಲೀಗ್‌ನಲ್ಲಿ ಯಾರು ಮೇಲೆ, ಯಾರು ಕೆಳಗೆ. ಇನ್ನೊಂದು, ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಾರ್ವಕಾಲಿಕ ಶ್ರೇಷ್ಠ ಯಾರು: ಜೋರ್ಡನ್, ಲೆಬ್ರಾನ್, ಕೋಬಿ, ಅಥವಾ ಅಜ್ಜಂದಿರ ಕಾಲದ ಚೇಂಬರ್ಲೇನ್, ರಸೆಲ್. ಇದರ ಜೊತೆ ಈಗ ಮೂರನೆಯದೂ ಸೇರಿದೆ. ಮುಂದಿನ ತಿಂಗಳು ಇಂಟರ್-ಬ್ರಾಂಚ್ ಬ್ಯಾಸ್ಕೆಟ್‌ಬಾಲ್ ಇದೆ, ತಂಡ ಆರಿಸಬೇಕು, ಆರಿಸೋಕೆ ಕೈಯಲ್ಲಿರೋದು ಕಳೆದ ಕೆಲವು ಪ್ರಾಕ್ಟೀಸ್ ಮ್ಯಾಚ್‌ಗಳ ಸ್ಕೋರ್‌ಶೀಟ್ ಮಾತ್ರ. ಅದರಲ್ಲಿ ಇರೋದು ಎರಡೇ ಕಾಲಂ: ಹೆಸರು, ಪಾಯಿಂಟ್ಸ್. ಈ ಮೂರೂ ಜಗಳ ಒಂದೇ ಪಾಠದ ಮೂರು ಅಭ್ಯಾಸಗಳು ಅನ್ನೋದು ನಮ್ಮ ವಾದ. ಒಂದೊಂದಾಗಿ ಬಿಡಿಸೋಣ.

1. ಫ್ಯಾಂಟಸಿ ಲೀಗ್ ಅಂದ್ರೆ ಒಂದು ಸೂತ್ರ

ಆಡದೇ ಇರೋರಿಗಾಗಿ ಚುಟುಕಾಗಿ ಹೇಳ್ತೀವಿ. ನಿಮಗೆ 100 ಮಿಲಿಯನ್ ಪೌಂಡ್ ಸುಳ್ಳು ದುಡ್ಡು ಕೊಡ್ತಾರೆ. ಅದರಲ್ಲಿ 15 ಆಟಗಾರರನ್ನು ಕೊಳ್ಳಬೇಕು. ಒಂದು ಕ್ಲಬ್‌ನಿಂದ ಮೂರಕ್ಕಿಂತ ಹೆಚ್ಚು ಜನ ಬೇಡ. 38 ವಾರ ಆಟ. ನಿಜವಾದ ಪಂದ್ಯದಲ್ಲಿ ನಿಮ್ಮ ಆಟಗಾರ ಏನು ಮಾಡಿದನೋ ಅದಕ್ಕೆ ತಕ್ಕ ಪಾಯಿಂಟ್ಸ್ ನಿಮ್ಮ ಖಾತೆಗೆ. ಕ್ಯಾಪ್ಟನ್ ಅಂತ ಒಬ್ಬನನ್ನು ಗುರುತಿಸಿದರೆ ಅವನ ಪಾಯಿಂಟ್ಸ್ ಡಬಲ್.

ಇಂಜಿನಿಯರಿಂಗ್ ಭಾಷೆಯಲ್ಲಿ ಇದು ಬಹುತೇಕ ವೆಯ್ಟೆಡ್ ಸಮ್. ಪ್ರತಿ ಕ್ರಿಯೆಗೂ ಒಂದು ತೂಕ, ಎಲ್ಲ ಕೂಡಿದರೆ ಒಟ್ಟು. ತೂಕ ಕೊಡದ ಕ್ರಿಯೆಯ ತೂಕ ಸೊನ್ನೆ. ಮಾಡಿದರೂ ಒಂದೇ, ಮಾಡದಿದ್ದರೂ ಒಂದೇ.

ಒಬ್ಬ ಡಿಫೆಂಡರ್‌ನ ಉದಾಹರಣೆ ತಗೊಳ್ಳೋಣ. ಅವನ ತಂಡ 0-2ರಲ್ಲಿ ಸೋತಿದೆ. ಅವನು 90 ನಿಮಿಷ ಆಡಿದ್ದಾನೆ, ಗೋಲಿಲ್ಲ, ಅಸಿಸ್ಟ್ ಇಲ್ಲ, ಕಾರ್ಡ್ ಇಲ್ಲ. 60 ನಿಮಿಷ ದಾಟಿದ್ದಕ್ಕೆ 2 ಪಾಯಿಂಟ್, ಎರಡು ಗೋಲು ಬಿಟ್ಟುಕೊಟ್ಟಿದ್ದಕ್ಕೆ ಮೈನಸ್ 1. ಒಟ್ಟು 1. ಆ 90 ನಿಮಿಷದಲ್ಲಿ ಅವನು ಮೈಯೊಡ್ಡಿ ಶಾಟ್ ತಡೆದಿರಬಹುದು, ಟ್ಯಾಕಲ್ ಮಾಡಿರಬಹುದು, 0-5 ಆಗೋದನ್ನು 0-2ಕ್ಕೆ ನಿಲ್ಲಿಸಿರಬಹುದು. ಬೋನಸ್ ಸಿಗದಿದ್ದರೆ ಸೂತ್ರಕ್ಕೆ ಅದು ಗೊತ್ತೇ ಆಗಲ್ಲ.

2025-26ರ ಸೀಸನ್‌ನಿಂದ ಈ ನಿಯಮ ಬದಲಾಯಿತು. ಡಿಫೆಂಡರ್ ಒಂದು ಪಂದ್ಯದಲ್ಲಿ ಕ್ಲಿಯರೆನ್ಸ್, ಬ್ಲಾಕ್, ಇಂಟರ್‌ಸೆಪ್ಷನ್, ಟ್ಯಾಕಲ್ ಎಲ್ಲ ಸೇರಿ 10 ಮುಟ್ಟಿದರೆ 2 ಪಾಯಿಂಟ್. ಮಿಡ್‌ಫೀಲ್ಡರ್ ಮತ್ತು ಫಾರ್ವರ್ಡ್‌ಗಳಿಗೆ ಚೆಂಡು ವಾಪಸ್ ಗೆದ್ದದ್ದನ್ನೂ ಸೇರಿಸಿ 12 ಆಗಬೇಕು. ನಮ್ಮ ಡಿಫೆಂಡರ್ ಅವತ್ತು ಅಂಥ 10 ಕೆಲಸ ಮಾಡಿದ್ದರೆ ಅವನ ಪಾಯಿಂಟ್ 1 ಅಲ್ಲ, 3. ಅದೇ ಪಂದ್ಯ, ಅದೇ ಬೆವರು, ಮೂರು ಪಟ್ಟು ಬೆಲೆ.

ಹೊಸ ನಿಯಮವೂ ಪರಿಪೂರ್ಣ ಅಲ್ಲ. ಇದೊಂದು ಸ್ಟೆಪ್ ಫಂಕ್ಷನ್: 9 ಮಾಡಿದರೆ ಸೊನ್ನೆ, 10 ಮಾಡಿದರೆ 2, 19 ಮಾಡಿದರೂ 2. ಆದರೂ ಒಂದು ವಿಷಯ ಗಮನಿಸಿ. 2025ಕ್ಕಿಂತ ಮೊದಲೂ ಡಿಫೆಂಡರ್‌ಗಳು ಟ್ಯಾಕಲ್ ಮಾಡ್ತಾನೇ ಇದ್ದರು. ಆಟ ಬದಲಾಗಿಲ್ಲ, ಶೀಟ್‌ಗೆ ಒಂದು ಕಾಲಂ ಸೇರಿತು. ಆಮೇಲೆ, ಯಾರೂ ಕೊಳ್ಳದೆ ಬಿಟ್ಟಿದ್ದ ಡಿಫೆಂಡರ್‌ಗಳನ್ನು ಜನ ಹುಡುಕಿ ಹುಡುಕಿ ತಂಡಕ್ಕೆ ಸೇರಿಸಿಕೊಳ್ಳೋಕೆ ಶುರು ಮಾಡಿದರು.

2. ಇದೇ ಪ್ರಶ್ನೆ, 1962ರಲ್ಲಿ

ಈಗ ಬ್ಯಾಸ್ಕೆಟ್‌ಬಾಲ್‌ಗೆ ಬರೋಣ. ಅಮೆರಿಕದ ಎನ್‌ಬಿಎಯಲ್ಲಿ ಇದೇ ಕಾಲಂ ಸಮಸ್ಯೆ ಅರವತ್ತು ವರ್ಷಕ್ಕೂ ಹಳೆಯದು. 1961-62ರ ಸೀಸನ್ ತೆಗೆದುಕೊಂಡರೆ ಅದು ಸಿನಿಮಾ ಕಥೆಯ ಹಾಗಿದೆ. ಲೀಗ್‌ನಲ್ಲಿ ಆಗ ಇದ್ದದ್ದು 9 ತಂಡ ಮಾತ್ರ. ಆದರೆ ಮೂವರ ಅಂಕಿ ನೋಡಿ, ಪ್ರತಿ ಪಂದ್ಯದ ಸರಾಸರಿ:

ವಿಲ್ಟ್ ಚೇಂಬರ್ಲೇನ್ (ಫಿಲಡೆಲ್ಫಿಯಾ): 50.4 ಪಾಯಿಂಟ್ಸ್, 25.7 ರಿಬೌಂಡ್, 2.4 ಅಸಿಸ್ಟ್.
ಆಸ್ಕರ್ ರಾಬರ್ಟ್‌ಸನ್ (ಸಿನ್ಸಿನಾಟಿ): 30.8 ಪಾಯಿಂಟ್ಸ್, 12.5 ರಿಬೌಂಡ್, 11.4 ಅಸಿಸ್ಟ್.
ಬಿಲ್ ರಸೆಲ್ (ಬಾಸ್ಟನ್): 18.9 ಪಾಯಿಂಟ್ಸ್, 23.6 ರಿಬೌಂಡ್, 4.5 ಅಸಿಸ್ಟ್.

ಇವತ್ತಿನ ಬ್ಯಾಸ್ಕೆಟ್‌ಬಾಲ್ ಫ್ಯಾಂಟಸಿ ಆಟಗಳಲ್ಲಿ ಬಳಸೋ ಒಂದು ಸೂತ್ರವನ್ನು ಇವರಿಗೆ ಹಾಕಿ ನೋಡೋಣ. ಹೊಡೆದ ಪ್ರತಿ ಪಾಯಿಂಟ್‌ಗೆ 1, ರಿಬೌಂಡ್‌ಗೆ 1.2, ಅಸಿಸ್ಟ್‌ಗೆ 1.5, ಸ್ಟೀಲ್‌ಗೂ ಬ್ಲಾಕ್‌ಗೂ ತಲಾ 3. ಚೇಂಬರ್ಲೇನ್‌ಗೆ 50.4 + 30.8 + 3.6, ಅಂದ್ರೆ ಸುಮಾರು 84.8. ರಾಬರ್ಟ್‌ಸನ್‌ಗೆ 62.9. ರಸೆಲ್‌ಗೆ 54. ಫ್ಯಾಂಟಸಿ ಆಡೋರು ಕಣ್ಣು ಮುಚ್ಚಿ ಚೇಂಬರ್ಲೇನ್‌ನ ಕ್ಯಾಪ್ಟನ್ ಮಾಡ್ತಾರೆ.

ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಯಾರಿಗೆ ಬಂತು? ಮೂವರಲ್ಲಿ ಕೊನೆಯಲ್ಲಿರೋ ರಸೆಲ್‌ಗೆ.

ಇಲ್ಲೇ ಸ್ವಾರಸ್ಯ ಇರೋದು. ಆ ಕಾಲದಲ್ಲಿ ಈ ಪ್ರಶಸ್ತಿಗೆ ಮತ ಹಾಕ್ತಿದ್ದದ್ದು ಆಟಗಾರರು. ಮಾಧ್ಯಮದವರು ಮತ ಹಾಕಿ ಆರಿಸೋ ವರ್ಷದ ಅತ್ಯುತ್ತಮ ಐವರ ತಂಡದಲ್ಲಿ ಸೆಂಟರ್ ಜಾಗ ಚೇಂಬರ್ಲೇನ್‌ಗೆ ಹೋಯಿತು, ರಸೆಲ್ ಎರಡನೇ ತಂಡಕ್ಕೆ ಇಳಿದರು. ಅಂದ್ರೆ ಹೊರಗೆ ಕೂತು ನೋಡಿದವರು ಒಬ್ಬರನ್ನು ಆರಿಸಿದರು, ಕೋರ್ಟ್ ಒಳಗೆ ನಿಂತು ಎದುರಿಸಿದವರು ಇನ್ನೊಬ್ಬರನ್ನು.

ಒಳಗಿದ್ದವರಿಗೆ ಏನು ಕಾಣಿಸ್ತಿತ್ತು? ರಸೆಲ್‌ನ ಕೈ. ಬ್ಯಾಸ್ಕೆಟ್ ಕಡೆ ನುಗ್ಗಿದವನಿಗೆ ಮೇಲೊಂದು ಕೈ ಬರುತ್ತೆ ಅನ್ನೋ ಭಯ. ಚೆಂಡನ್ನು ಜೋರಾಗಿ ಗ್ಯಾಲರಿಗೆ ಬಡಿಯೋದರ ಬದಲು ತನ್ನ ತಂಡದವರ ಕೈಗೇ ಬೀಳೋ ಹಾಗೆ ತಟ್ಟೋದು ರಸೆಲ್‌ನ ಹೆಸರಾಂತ ಕಲೆ. ಒಂದು ಬ್ಲಾಕ್‌ನಿಂದ ಎದುರಾಳಿಯ ಎರಡು ಪಾಯಿಂಟ್ ತಪ್ಪೋದಲ್ಲದೆ ಬಾಸ್ಟನ್‌ನ ದಾಳಿಯೂ ಅಲ್ಲಿಂದಲೇ ಶುರು. ರಸೆಲ್ ಬಾಸ್ಟನ್ ಪರ ಆಡಿದ್ದು 13 ಸೀಸನ್, ಗೆದ್ದದ್ದು 11 ಚಾಂಪಿಯನ್‌ಶಿಪ್. 1962ರಲ್ಲೂ ಬಾಸ್ಟನ್ ಚೇಂಬರ್ಲೇನ್‌ನ ತಂಡವನ್ನು 4-3ರಿಂದ ದಾಟಿ, ಫೈನಲ್‌ನಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡವನ್ನೂ 4-3ರಿಂದ ಸೋಲಿಸಿತು.

ಈಗ ರಸೆಲ್‌ನ ಅಧಿಕೃತ ಅಂಕಿಅಂಶದಲ್ಲಿ ಬ್ಲಾಕ್ ಕಾಲಂ ತೆಗೆದು ನೋಡಿ. ಖಾಲಿ. ಇಡೀ ವೃತ್ತಿಜೀವನಕ್ಕೆ ಒಂದೇ ಒಂದು ಬ್ಲಾಕ್ ಕೂಡ ದಾಖಲಾಗಿಲ್ಲ. ಎನ್‌ಬಿಎ ಬ್ಲಾಕ್ ಮತ್ತು ಸ್ಟೀಲ್ ಎಣಿಸೋಕೆ ಶುರು ಮಾಡಿದ್ದು 1973-74ರಲ್ಲಿ. ರಸೆಲ್ ನಿವೃತ್ತರಾದದ್ದು 1969ರಲ್ಲಿ.

ಇನ್ನೊಂದು ವಿವರ ನಮಗೆ ಬಹಳ ಇಷ್ಟ. ಒಂದೇ ಪಂದ್ಯದಲ್ಲಿ ಅತಿ ಹೆಚ್ಚು ಬ್ಲಾಕ್‌ನ ದಾಖಲೆ 17. ಅದನ್ನು ಮಾಡಿದವರು ಲೇಕರ್ಸ್‌ನ ಎಲ್ಮೋರ್ ಸ್ಮಿತ್, 1973ರ ಅಕ್ಟೋಬರ್ 28ರಂದು. ಅಂದ್ರೆ ಎಣಿಕೆ ಶುರುವಾದ ಮೊದಲ ತಿಂಗಳಲ್ಲೇ! ಸ್ಮಿತ್ ಬಂದದ್ದು ಚೇಂಬರ್ಲೇನ್ ಬಿಟ್ಟು ಹೋದ ಜಾಗಕ್ಕೆ. ಎಣಿಸೋಕೆ ಶುರು ಮಾಡಿದ ತಿಂಗಳಲ್ಲೇ 17 ಸಿಕ್ಕಿತು ಅಂದ್ರೆ, ಎಣಿಸದೇ ಬಿಟ್ಟ ಅಷ್ಟು ವರ್ಷಗಳಲ್ಲಿ ಏನೇನು ಆಗಿಹೋಗಿರಬಹುದು, ಯೋಚಿಸಿ.

3. ಹಳೇ ಅಂಕಿಯನ್ನು ಹೊಸ ಅಂಕಿಯ ಪಕ್ಕ ಇಡೋದು ಹೇಗೆ

"ಹಾಗಾದ್ರೆ ಅಂಕಿಅಂಶ ಬಿಡಿ, ಹಳಬರೇ ದೊಡ್ಡವರು" ಅಂತ ತೀರ್ಮಾನಕ್ಕೆ ಬರಬೇಡಿ. ಅಂಕಿ ಬಿಡೋದಲ್ಲ, ಅದರ ಯೂನಿಟ್ ಸರಿ ಮಾಡೋದು. ಮೀಟರ್ ಮತ್ತು ಅಡಿಯನ್ನು ನೇರವಾಗಿ ಕೂಡಿದರೆ ಲ್ಯಾಬ್‌ನಲ್ಲಿ ರೆಕಾರ್ಡ್ ಬುಕ್ ವಾಪಸ್ ಬರುತ್ತಲ್ವಾ? ಇಲ್ಲೂ ಹಾಗೇ.

ಮೊದಲನೆಯದು ಆಟದ ವೇಗ. 1961-62ರಲ್ಲಿ ಒಂದು ತಂಡ ಒಂದು ಪಂದ್ಯದಲ್ಲಿ ಸುಮಾರು 108 ಸಲ ಬ್ಯಾಸ್ಕೆಟ್‌ಗೆ ಗುರಿಯಿಡ್ತಿತ್ತು. ಈಚಿನ ವರ್ಷಗಳಲ್ಲಿ ಅದು ಸುಮಾರು 89. ಅವಕಾಶ ಹೆಚ್ಚಿದ್ದರೆ ಪಾಯಿಂಟ್ಸೂ ಹೆಚ್ಚು, ರಿಬೌಂಡೂ ಹೆಚ್ಚು. ಒರಟು ಲೆಕ್ಕದಲ್ಲಿ ಚೇಂಬರ್ಲೇನ್‌ನ 50.4ನ್ನು 89/108ರಿಂದ ಗುಣಿಸಿದರೆ ಸುಮಾರು 41.5 ಬರುತ್ತೆ. ಈಗಲೂ ಅದು ಬೆಟ್ಟದಂಥ ಅಂಕಿಯೇ, ಆದರೆ ಬೇರೆ ಗ್ರಹದಿಂದ ಬಂದದ್ದಲ್ಲ. ಆ ವರ್ಷ ಚೇಂಬರ್ಲೇನ್ ಪ್ರತಿ ಪಂದ್ಯಕ್ಕೆ ಸರಾಸರಿ 48.5 ನಿಮಿಷ ಆಡಿದರು ಅನ್ನೋದನ್ನೂ ಸೇರಿಸಿಕೊಳ್ಳಿ. ಪಂದ್ಯ ಇರೋದೇ 48 ನಿಮಿಷ. ಉಳಿದ ಅರ್ಧ ನಿಮಿಷ ಓವರ್‌ಟೈಮ್‌ನ ಕೊಡುಗೆ. ಇವತ್ತು ಯಾವ ಕೋಚ್ ಕೂಡ ಒಬ್ಬನನ್ನು ಇಡೀ ಸೀಸನ್ ಹಾಗೆ ದುಡಿಸಲ್ಲ.

ಎರಡನೆಯದು ನಿಯಮ. ಎನ್‌ಬಿಎಗೆ ಮೂರು ಪಾಯಿಂಟ್ ಗೆರೆ ಬಂದದ್ದು 1979-80ರಲ್ಲಿ. ಅದಕ್ಕೆ ಮೊದಲು ಎಷ್ಟು ದೂರದಿಂದ ಹಾಕಿದರೂ ಎರಡೇ. 1974ರಲ್ಲಿ ಕೊನೆಯ ಸೀಸನ್ ಮುಗಿಸಿದ ಜೆರ್ರಿ ವೆಸ್ಟ್ ದೂರದ ಶಾಟ್‌ಗೆ ಹೆಸರಾಗಿದ್ದರು, ಅವರ ಖಾತೆಯಲ್ಲಿ ಮೂರರ ಶಾಟ್ ಒಂದೂ ಇಲ್ಲ. ಗೆರೆ ಬಂದ ಮೇಲೂ ಜನ ಅದನ್ನು ನಂಬೋಕೆ ಕಾಲ ಹಿಡಿಯಿತು. ಮೊದಲ ವರ್ಷ ಒಂದು ತಂಡ ಪಂದ್ಯಕ್ಕೆ ಮೂರು ಸಲವೂ ಪ್ರಯತ್ನ ಮಾಡ್ತಿರಲಿಲ್ಲ, ಈಗ 35ಕ್ಕಿಂತ ಹೆಚ್ಚು. ಲ್ಯಾರಿ ಬರ್ಡ್ ಇಡೀ ವೃತ್ತಿಜೀವನದಲ್ಲಿ ಹಾಕಿದ ಮೂರರ ಶಾಟ್ 649. ಸ್ಟೀಫನ್ ಕರಿ 2015-16ರ ಒಂದೇ ಸೀಸನ್‌ನಲ್ಲಿ 402 ಹಾಕಿದರು. ಇದರಿಂದ ಬರ್ಡ್‌ಗೆ ಗುರಿ ಇರಲಿಲ್ಲ ಅಂತ ಸಾಬೀತಾಗಲ್ಲ. ಅವರ ಕಾಲದಲ್ಲಿ ಆ ಶಾಟ್‌ನ ಬೆಲೆ ಏನೆಂದು ಯಾರೂ ಇನ್ನೂ ಸರಿಯಾಗಿ ಲೆಕ್ಕ ಹಾಕಿರಲಿಲ್ಲ.

ಮೂರನೆಯದು ಸಂದರ್ಭ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಶಿಯಲ್ಲಿ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಪಾಯಿಂಟ್ಸ್ ಹೊಡೆದರು. 36 ಶಾಟ್, 28 ಫ್ರೀ ಥ್ರೋ: 72 + 28. ಫಿಲಡೆಲ್ಫಿಯಾ 169, ನ್ಯೂಯಾರ್ಕ್ 147. ಪಂದ್ಯ ಕೈಗೆ ಬಂದ ಮೇಲೂ ಕೊನೆಯ ನಿಮಿಷಗಳಲ್ಲಿ ಫಿಲಡೆಲ್ಫಿಯಾದವರು ಬೇಕಂತಲೇ ಫೌಲ್ ಮಾಡಿ ಚೆಂಡು ವಾಪಸ್ ಪಡೆದು ಚೇಂಬರ್ಲೇನ್‌ಗೆ ಕೊಡ್ತಿದ್ದರು. 100 ಅನ್ನೋ ಅಂಕಿ ನಿಜ. ಅದರ ಹಿಂದೆ ನಿಂತ ಉಳಿದ ನಾಲ್ವರ ಕೆಲಸ ಆ ಅಂಕಿಯಲ್ಲಿ ಇಲ್ಲ.

4. ದೂರದ ಬೆಟ್ಟ ನುಣ್ಣಗೆ

ಸ್ಕೋರ್‌ಶೀಟ್‌ಗೆ ಒಂದು ಕಣ್ಣು ಕುರುಡು ಅಂದ್ರೆ, ನೆನಪಿಗೆ ಇನ್ನೊಂದು ಕಣ್ಣು ಕುರುಡು. ನಮ್ಮ ವಯಸ್ಸಿನವರು ಜೋರ್ಡನ್ ಆಡಿದ್ದನ್ನು ನೋಡಿಲ್ಲ, ನೋಡೋಕೆ ಸಾಧ್ಯವೂ ಇರಲಿಲ್ಲ. ಆದರೂ "ಆ ಕಾಲದ ಆಟವೇ ಆಟ ಗುರು" ಅಂತೀವಲ್ಲ, ಅದು ಎಲ್ಲಿಂದ ಬಂತು? 2020ರ ಲಾಕ್‌ಡೌನ್‌ನಲ್ಲಿ ನೋಡಿದ "ದಿ ಲಾಸ್ಟ್ ಡ್ಯಾನ್ಸ್" ಸಾಕ್ಷ್ಯಚಿತ್ರದಿಂದ, ಆಮೇಲೆ ರೀಲ್ಸ್‌ನಿಂದ. ನಾವು ಕಾಣದ ಕಾಲವನ್ನು ನೆನೆದು ಮರುಗ್ತೀವಿ!

ರೀಲ್ ಒಂದು ಫಿಲ್ಟರ್. 48 ನಿಮಿಷದ ಪಂದ್ಯದಿಂದ 40 ಸೆಕೆಂಡ್ ಉಳಿಸುತ್ತೆ, ಆ 40 ಸೆಕೆಂಡ್‌ನಲ್ಲಿ ತಪ್ಪಿದ ಶಾಟ್ ಇರಲ್ಲ. ಹಳೇ ಕಾಲದ ಹತ್ತು ಶ್ರೇಷ್ಠ ಕ್ಷಣಗಳನ್ನು ಈ ಕಾಲದ ಮಾಮೂಲಿ ಮಂಗಳವಾರದ ಪಂದ್ಯದ ಪಕ್ಕ ಇಟ್ಟರೆ ಹಳೇ ಕಾಲವೇ ಗೆಲ್ಲುತ್ತೆ. ನಮ್ಮ ಸ್ಟಾಟಿಸ್ಟಿಕ್ಸ್ ಕ್ಲಾಸ್‌ನಲ್ಲಿ ಇದಕ್ಕೆ ಸ್ಯಾಂಪ್ಲಿಂಗ್ ಬಯಾಸ್ ಅಂತಾರೆ. ನಮ್ಮ ಹಿರಿಯರು ದೂರದ ಬೆಟ್ಟ ನುಣ್ಣಗೆ ಅಂದರು. ಎರಡೂ ಒಂದೇ ಮಾತು.

1998ರ ಜೂನ್ 14ರ ಆ ಹೆಸರಾಂತ ಶಾಟ್ ತಗೊಳ್ಳಿ. ಯೂಟಾದಲ್ಲಿ ಫೈನಲ್‌ನ ಆರನೇ ಪಂದ್ಯ, 5.2 ಸೆಕೆಂಡ್ ಉಳಿದಿರುವಾಗ ಜೋರ್ಡನ್ ಹಾಕಿದ ಚೆಂಡು ಬಲೆಗೆ ಬಿತ್ತು, ಶಿಕಾಗೋ ಬುಲ್ಸ್ 87-86ರಿಂದ ಗೆದ್ದಿತು. ಎಷ್ಟೋ ರೀಲ್‌ಗಳು ಜೋರ್ಡನ್ ಚೆಂಡು ತಟ್ಟುತ್ತಾ ಬರೋ ಕಡೆಯಿಂದ ಶುರುವಾಗ್ತವೆ. ಅದಕ್ಕೂ ಕೆಲವು ಸೆಕೆಂಡ್ ಮೊದಲು ಅದೇ ಜೋರ್ಡನ್ ಹಿಂದಿನಿಂದ ಬಂದು ಕಾರ್ಲ್ ಮಲೋನ್ ಕೈಯಿಂದ ಚೆಂಡು ಕಿತ್ತುಕೊಂಡಿದ್ದರು. ಆ ಸ್ಟೀಲ್ ಇಲ್ಲದಿದ್ದರೆ ಶಾಟ್ ಎಲ್ಲಿತ್ತು?

ಅದೇ ತಂಡದ ಡೆನ್ನಿಸ್ ರಾಡ್‌ಮನ್‌ನ ನೋಡಿ. ವೃತ್ತಿಜೀವನದ ಸರಾಸರಿ ಪಂದ್ಯಕ್ಕೆ 7.3 ಪಾಯಿಂಟ್ಸ್. ಎರಡು ಕಾಲಂನ ನಮ್ಮ ಸ್ಕೋರ್‌ಶೀಟ್‌ನಲ್ಲಾದರೆ ಬೆಂಚ್‌ಗೆ ಹೋಗಬೇಕಾದ ಅಂಕಿ. ಆದರೆ ಸತತ ಏಳು ಸೀಸನ್ ರಿಬೌಂಡ್‌ನಲ್ಲಿ ಇಡೀ ಲೀಗ್‌ಗೆ ಮೊದಲಿಗರು, 2011ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿದರು. ರಾಡ್‌ಮನ್‌ಗೆ ರಿಬೌಂಡ್ ಅನ್ನೋ ಕಾಲಂ ಇತ್ತು, ಬಚಾವ್.

5. ನಮ್ಮ ಕೋರ್ಟ್‌ಗೆ ಬಂದರೆ

ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಇದೆಯಲ್ಲ. ಕಾಣದ ರಸೆಲ್ ಬಗ್ಗೆ ಇಷ್ಟು ಬರೆಯೋ ನಾವು, ದಿನಾ ಸಂಜೆ ನಮ್ಮದೇ ಕೋರ್ಟ್‌ನಲ್ಲಿ ಆಡೋ ಹುಡುಗನನ್ನು ನೋಡ್ತೀವಾ? ಪ್ರತಿ ಬ್ರಾಂಚ್‌ನಲ್ಲೂ ಅಂಥವನು ಒಬ್ಬ ಇರ್ತಾನೆ. ಸ್ಕ್ರೀನ್ ಹಾಕಿ ಶೂಟರ್‌ಗೆ ಜಾಗ ಮಾಡಿಕೊಡ್ತಾನೆ. ಎದುರಾಳಿಯ ಎತ್ತರದ ಆಟಗಾರನನ್ನು ಬೆನ್ನಿಂದ ತಡೆದು ನಿಲ್ತಾನೆ, ರಿಬೌಂಡ್ ಬೇರೆಯವನ ಕೈಗೆ ಬೀಳುತ್ತೆ. ಸ್ಕೋರ್‌ಶೀಟ್‌ನಲ್ಲಿ ಅವನ ಹೆಸರಿನ ಮುಂದೆ 2 ಅಥವಾ ಸೊನ್ನೆ. ತಂಡ ಆರಿಸೋ ದಿನ ಹತ್ತು ಜನರ ಪಟ್ಟಿಯಲ್ಲಿ ಅವನು ಹನ್ನೊಂದನೆಯವನು.

ಇದಕ್ಕೆ ಒಂದು ಸುಲಭ ಸಾಧನ ಇದೆ: ಪ್ಲಸ್-ಮೈನಸ್. ಒಬ್ಬ ಆಟಗಾರ ಕೋರ್ಟ್‌ನಲ್ಲಿ ಇದ್ದಷ್ಟು ಹೊತ್ತು ತನ್ನ ತಂಡ ಹೊಡೆದ ಪಾಯಿಂಟ್ಸ್‌ನಿಂದ ಎದುರಾಳಿ ಹೊಡೆದ ಪಾಯಿಂಟ್ಸ್ ಕಳೆಯಿರಿ, ಮುಗೀತು. ಒಂದು ಕಾಲ್ಪನಿಕ ಉದಾಹರಣೆ. 'ಅ' 14 ಪಾಯಿಂಟ್ಸ್ ಹೊಡೆದ. ಅವನಿದ್ದಾಗ ತಂಡಕ್ಕೆ 22, ಎದುರಾಳಿಗೆ 28: ಮೈನಸ್ 6. 'ಬ' ಹೊಡೆದದ್ದು 2. ಅವನಿದ್ದಾಗ ತಂಡಕ್ಕೆ 24, ಎದುರಾಳಿಗೆ 15: ಪ್ಲಸ್ 9. ಎರಡು ಕಾಲಂನ ಶೀಟ್‌ಗೆ 'ಅ' ಹೀರೋ. ಮೂರನೇ ಕಾಲಂ ಬೇರೆ ಪ್ರಶ್ನೆ ಕೇಳುತ್ತೆ.

2009ರಲ್ಲಿ ಲೇಖಕ ಮೈಕೆಲ್ ಲೂಯಿಸ್ ಹ್ಯೂಸ್ಟನ್ ತಂಡದ ಶೇನ್ ಬ್ಯಾಟಿಯರ್ ಬಗ್ಗೆ ಇಂಥದ್ದೇ ಒಂದು ದೊಡ್ಡ ಲೇಖನ ಬರೆದರು. ಬ್ಯಾಟಿಯರ್‌ನ ಮಾಮೂಲಿ ಅಂಕಿಗಳು ಸಾಧಾರಣ, ಆದರೆ ಕೋರ್ಟ್‌ಗೆ ಇಳಿದರೆ ತಂಡ ಸುಧಾರಿಸುತ್ತಿತ್ತು. ಹ್ಯೂಸ್ಟನ್‌ನವರು ಅದನ್ನು ಲೆಕ್ಕದಿಂದಲೇ ಕಂಡುಹಿಡಿದಿದ್ದರು.

ಪ್ಲಸ್-ಮೈನಸ್‌ಗೂ ಮಿತಿ ಇದೆ, ಅದನ್ನೂ ಹೇಳಿಬಿಡ್ತೀವಿ. ಒಳ್ಳೆ ನಾಲ್ವರ ಜೊತೆ ಆಡಿದವನ ಅಂಕಿ ತಾನಾಗಿ ಚೆನ್ನಾಗಿರುತ್ತೆ. ರಸೆಲ್ ಪಕ್ಕದಲ್ಲೂ ಬಾಬ್ ಕೂಸಿ, ಸ್ಯಾಮ್ ಜೋನ್ಸ್‌ರಂಥವರು ಇದ್ದರು ಅನ್ನೋದು ಚೇಂಬರ್ಲೇನ್ ಅಭಿಮಾನಿಗಳ ನ್ಯಾಯವಾದ ವಾದ. ಅದಕ್ಕೇ ಒಂದೇ ಪಂದ್ಯದ ಅಂಕಿ ಹಿಡಿದು ಕುಣಿಯಬಾರದು. ಐದಾರು ಪಂದ್ಯ ನೋಡಿ, ಜೊತೆಗಾರರನ್ನು ಬದಲಾಯಿಸಿ ಆಡಿಸಿ, ಆಮೇಲೆ ಮಾತಾಡಿ.

ನಮ್ಮ ಪ್ರಸ್ತಾಪ ಇಷ್ಟೇ. ಆಯ್ಕೆಗೆ ಮೊದಲು ಇನ್ನೂ ನಾಲ್ಕು ಪ್ರಾಕ್ಟೀಸ್ ಮ್ಯಾಚ್ ಇವೆ. ಬೆಂಚ್‌ನಲ್ಲಿ ಕೂತ ಇಬ್ಬರು ಶೀಟ್ ಬರೆಯಲಿ. ಒಬ್ಬರು ಪಾಯಿಂಟ್ಸ್, ಎಷ್ಟು ಪ್ರಯತ್ನಕ್ಕೆ ಎಷ್ಟು ಬಿತ್ತು, ರಿಬೌಂಡ್, ಅಸಿಸ್ಟ್. ಇನ್ನೊಬ್ಬರು ಸ್ಟೀಲ್, ಬ್ಲಾಕ್, ಗೋಲಿಗೆ ದಾರಿ ಮಾಡಿದ ಸ್ಕ್ರೀನ್, ಮತ್ತು ಯಾರು ಒಳಗೆ ಬಂದಾಗ, ಯಾರು ಹೊರಗೆ ಹೋದಾಗ ಸ್ಕೋರ್ ಎಷ್ಟಿತ್ತು ಅನ್ನೋದು. ಪ್ಲಸ್-ಮೈನಸ್ ರೂಮಿಗೆ ಹೋಗಿ ಎಕ್ಸೆಲ್‌ನಲ್ಲಿ ಮಾಡಿಕೊಳ್ಳಬಹುದು. ಶೀಟ್ ನೋಡಿದ ಮೇಲೆ ಕೊನೆಗೊಂದು ಕೆಲಸ, 1962ರ ಹಾಗೆ: ಎದುರು ಆಡಿದವರನ್ನೇ ಕೇಳಿ, "ಯಾರು ಇಳಿದರೆ ನಿಮಗೆ ಕಷ್ಟ ಆಗುತ್ತೆ?" ಅಂತ. ಆ ಉತ್ತರಕ್ಕೂ ಒಂದು ಕಾಲಂ ಇರಲಿ.

ರಸೆಲ್ 2022ರ ಜುಲೈ 31ರಂದು ತೀರಿಕೊಂಡರು. ಮುಂದಿನ ತಿಂಗಳೇ ಎನ್‌ಬಿಎ ಅವರ 6ನೇ ನಂಬರನ್ನು ಎಲ್ಲ 30 ತಂಡಗಳಿಂದಲೂ ನಿವೃತ್ತಿಗೊಳಿಸಿತು. ಆ ಗೌರವ ಮೊದಲು ಸಿಕ್ಕಿದ್ದು ಅವರಿಗೇ. ಎಣಿಸದೇ ಬಿಟ್ಟದ್ದನ್ನು ಲೀಗ್ ಆ ರೀತಿ ನೆನಪಿಟ್ಟುಕೊಂಡಿತು. ನಮ್ಮ ಬ್ರಾಂಚ್ ತಂಡಕ್ಕೆ ಅಷ್ಟೆಲ್ಲ ಕಾಯೋ ಪುರುಸೊತ್ತಿಲ್ಲ, ನಾಲ್ಕು ವರ್ಷಕ್ಕೆ ಎಲ್ಲರೂ ಕ್ಯಾಂಪಸ್ ಬಿಡ್ತಾರೆ. ಶನಿವಾರ ಸಂಜೆ 5ಕ್ಕೆ ಮೊದಲ ಮ್ಯಾಚ್. ಆಡೋರು ಶೂ ತನ್ನಿ, ನೋಡೋಕೆ ಬರೋರು ಒಂದು ಪೆನ್ನು ತನ್ನಿ.